ನಾಲ್ಕು ವಾರ ಕೀಳಬೇಡಿ

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಔಷಧಿ ಅಂಗಡಿಯ ಮೇಲಿನ ಮಹಡಿ.
ಸಫೂರ ಸಿಸ್ಟರ್ ಫಾರಮ್ಮು ತೆಗೆದು
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ಕೇಳಿದಳು:
ಬಿಸಿಲಿಗೆ ಹೋಗ್ತೀರಾ?

ನಗು ಬಂತು. ಪಿಗ್ಮಿ ಎತ್ತುವವಳು ನಾನು,
ಮೀನಂಗಡಿಯಿಂದ ಹಿಡಿದು ಗೋಣಿಕೊಪ್ಪ ರಸ್ತೆಯ
ಕೊನೆಯ ಟೈರಂಗಡಿವರೆಗೆ
ಹತ್ತು ರೂಪಾಯಿ, ಐವತ್ತು ರೂಪಾಯಿ.
ಬಿಸಿಲೇ ನನ್ನ ಆಫೀಸು.

ಹಾಗಾದರೆ ಈಗ ಬೇಡ, ಅಂದಳು. ಅದು ಮಾರ್ಚಿ.
ಮಳೆ ಹಿಡಿಯಲಿ, ಮುಖದ ಬಿಸಿಲು ಇಳಿಯಲಿ.
ಬರುವ ಮುಂಚೆ ನಾಲ್ಕು ವಾರ ಕೀಳಬೇಡಿ.
ದಾರ ಬೇಡ, ವ್ಯಾಕ್ಸು ಬೇಡ, ಚಿಮಟ ಮುಟ್ಟಲೇಬೇಡಿ.
ಬೇರು ಒಳಗಿರಬೇಕು ಅಕ್ಕ,
ಬೇರೇ ಇಲ್ಲದಿದ್ದರೆ ಬೆಳಕು
ಯಾರ ಮನೆ ಬಾಗಿಲು ತಟ್ಟಬೇಕು?

ಚಿಮಟ!
ಒಂದು ಬ್ಯಾಗಿನಲ್ಲಿ, ಒಂದು ಸ್ಕೂಟರಿನ ಡಿಕ್ಕಿಯಲ್ಲಿ,
ಒಂದು ತವರಲ್ಲಿ, ಕ್ಯಾಲೆಂಡರಿನ ಮೊಳೆಗೆ.
ಇಪ್ಪತ್ತೆರಡು ವರ್ಷ ಬೆಳಗಿನ ಆರಕ್ಕೆ
ಸ್ಕೂಟರಿನ ಕನ್ನಡಿ ಗಲ್ಲದತ್ತ ತಿರುಗಿಸಿದ್ದೇನೆ.
ಮುಹೂರ್ತಕ್ಕೆ ಕೂತ ದಿನವೂ
ಒಬ್ಬೊಬ್ಬರೇ ಅಕ್ಕಿ ಹಾಕಿ, ಕಿಂಡಿಯ ಹಾಲು ಬಾಯಿಗಿಡುವಾಗ
ಗಲ್ಲ ಎತ್ತಬೇಕಲ್ಲ ಎಂಬುದೊಂದೇ ಭಯ.
ಉಳಿದದ್ದು ಯಾವುದೂ ನೆನಪಿಲ್ಲ.

ಬ್ಲೇಡು ಆಡಿಸಬಹುದು, ತೊಂದರೆಯಿಲ್ಲ, ಅಂದಿದ್ದಳು ಸಫೂರ.
ಅದೊಂದು ನನ್ನಿಂದಾಗಲಿಲ್ಲ.
ಜುಲೈ ಪೂರ್ತಿ ರೈನ್‌ಕೋಟಿನ ಟೋಪಿ, ಮೇಲೊಂದು ಮಾಸ್ಕು.
ಮೂರನೇ ವಾರ ಗಲ್ಲದಡಿ ಬೆರಳಾಡಿಸಿದರೆ
ಎಳೆ ಹಲಸಿನಕಾಯಿ.
ಟೈರಂಗಡಿಯ ಉಸ್ಮಾನ್ ಕೇಳಿದ,
ಏನಕ್ಕ, ಹಲ್ಲುನೋವಾ?
ಹೌದು ಅಂದೆ. ಲವಂಗ ಕೊಟ್ಟ.
ಜಗಿದೆ.

ಕ್ಲಿನಿಕ್ಕಿಗೆ ಹೋಗುವ ಹಿಂದಿನ ರಾತ್ರಿ ಬೋಳಿಸಲೇಬೇಕು.
ಮೇಲೆ ಉಳಿದ ಕೂದಲು ಕಾದು ಚರ್ಮ ಸುಟ್ಟೀತಂತೆ.
ಬಚ್ಚಲಿಗೆ ಹೋದರೆ ಕಟ್ಟೆಯ ಮೇಲೆ
ಕುಟ್ಟಪ್ಪನ ರೇಜರು, ತೊಳೆದು ಒರೆಸಿ,
ಹೊಸ ಬ್ಲೇಡು ಹಾಕಿ ಇಟ್ಟಿತ್ತು.
ನಾನು ಅವನಿಗೆ ಹೇಳಿರಲಿಲ್ಲ, ಎಂದೂ.
ಬಾಗಿಲ ಹೊರಗಿಂದ ಅವನ ದನಿ:
ಮೇಲಿಂದ ಕೆಳಕ್ಕೆ ಎಳಿ. ಉಲ್ಟಾ ಬೇಡ, ಉರಿಯುತ್ತೆ.

ಫಾರಮ್ಮು ಮತ್ತೆ.
ಹಚ್ಚೆ? ಮಚ್ಚೆ? ಬಸುರು? ಬಾಯಿಯ ಸುತ್ತ ಸರ್ಪಸುತ್ತಿನಂಥ ಗುಳ್ಳೆ?
ಮೊಡವೆಯ ಮಾತ್ರೆ, ಜ್ವರದ ಮಾತ್ರೆ, ಬೆಳ್ಳಗಾಗುವ ಕ್ರೀಮು?
ಯಾವುದಾದರೂ ಔಷಧಿ?
ಮೂರು ದಿನದ ಹಿಂದೆ ಕಕ್ಕಡ ಹದಿನೆಂಟು,
ಮದ್ದು ಸೊಪ್ಪಿನ ಪಾಯಸ, ಎರಡು ಬಟ್ಟಲು, ಅಂದೆ.
ಸಫೂರ ಪೆನ್ನು ನಿಲ್ಲಿಸಿದಳು.
ಅವಳ ಮನೆಯಲ್ಲೂ ಪಕ್ಕದವರು ಕೊಟ್ಟದ್ದನ್ನು ತಿಂದಿದ್ದರಂತೆ.
ಡಾಕ್ಟರನ್ನು ಕೇಳಿದಳು. ಡಾಕ್ಟರು ಕನ್ನಡಕ ತೆಗೆದು
ನನಗೆ ಗೊತ್ತಿಲ್ಲಮ್ಮ, ಅಂದರು,
ಗೊತ್ತಿಲ್ಲದ್ದಕ್ಕೆ ಒಂದು ವಾರ ಕಾಯೋಣ.
ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು.
ಅವರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಮುಂದಿನ ಗುರುವಾರ
ಕಣ್ಣಿಗೆ ಕಪ್ಪು ಕನ್ನಡಕ, ಕಿವಿಯ ಕೆಳಗೆ
ಎಂಟಾಣೆ ಅಗಲದ ಜಾಗ, ಪರೀಕ್ಷೆಗೆ.
ಬೆಳಕಿಗೆ ಕಪ್ಪೊಂದೇ ಗೊತ್ತು ಅಕ್ಕ,
ಕೂದಲ ಕಪ್ಪೋ ಚರ್ಮದ ಕಪ್ಪೋ ಅದು ಕೇಳುವುದಿಲ್ಲ,
ನಾವೇ ಕೇಳಿಕೊಳ್ಳಬೇಕು.
ರಬ್ಬರು ಬ್ಯಾಂಡು ಚಟ್ಟೆಂದಂತೆ ಒಂದು ಪೆಟ್ಟು.
ಹಬ್ಬದ ಮುನ್ನಾದಿನ ಹಂದಿ ಸುಡುವ ವಾಸನೆ, ಒಂದು ಚಿಟಿಕೆ.
ನನಗೂ ಡಾಕ್ಟರಿಗೂ ಒಟ್ಟಿಗೇ ನಗು.
ಎರಡು ದಿನ ನೋಡಿ. ಗುಳ್ಳೆ ಎದ್ದರೆ ಫೋನು ಮಾಡಿ.

ಏಳುವಾಗ ಸಫೂರ ಟಾರ್ಚು ಹಿಡಿದು ಬಗ್ಗಿ ಎಣಿಸಿದಳು.
ಏಳು ಬೆಳ್ಳಗಾಗಿವೆ ಅಕ್ಕ.
ಬಿಳಿಯದು ಇದರ ಕಣ್ಣಿಗೆ ಬೀಳುವುದಿಲ್ಲ.
ಅವು ಇರುತ್ತವೆ.

ಇರಲಿ.
ಏಳಕ್ಕೆ ಒಂದು ಚಿಮಟ ಸಾಕು.
ಡಿಕ್ಕಿಯದನ್ನು ಉಸ್ಮಾನನಿಗೆ ಕೊಟ್ಟೆ,
ಟೈರಿನ ಮುಳ್ಳು ತೆಗೆಯಲಿ.
ತವರಿನದು ಮೊಳೆಯಲ್ಲೇ ತೂಗಲಿ.